ಎಳೆಯುವ ಗಾಡಿಗೆ ಡೀಸೆಲ್ಲೋ ಪೆಟ್ರೋಲೋ?
ಓದುಗರ ಪ್ರಶ್ನೆಗಳಿಗೆ ಉತ್ತರ

ಪಿಕಪ್ ಟ್ರಕ್ಕಿನ ಹಿಂದೆ ಟ್ರೇಲರ್ ಕಟ್ಟಿ ಎಳೆಯುವವರಿಂದ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನವರು ಮೊದಲು ಎಂಜಿನ್ ಆರಿಸಿ, ಆಮೇಲೆ ಅದಕ್ಕೆ ಎಷ್ಟು ಭಾರ ಕಟ್ಟಬಹುದು ಎಂದು ಕೇಳಿದ್ದಾರೆ. ಲೆಕ್ಕ ಶುರುವಾಗಬೇಕಾದದ್ದು ಟ್ರೇಲರ್‌ನಿಂದ. ಅದರ ತೂಕ ಎಷ್ಟು, ಎತ್ತರ ಎಷ್ಟು, ವರ್ಷಕ್ಕೆ ಎಷ್ಟು ಕಿಲೋಮೀಟರ್ ಎಳೆಯುತ್ತೀರಿ, ದಾರಿ ಏರೋ ಸಮತಟ್ಟೋ ಎಂಬುದು ಗೊತ್ತಾದರೆ ಅರ್ಧ ಉತ್ತರ ಸಿಕ್ಕಿದ ಹಾಗೆ.

ಪ್ರಶ್ನೆ: ಒಂದೇ ಗಾಡಿಯ ಡೀಸೆಲ್ ಮಾದರಿಗೆ 500 ನ್ಯೂಟನ್ ಮೀಟರ್ ಟಾರ್ಕ್, ಪೆಟ್ರೋಲ್ ಮಾದರಿಗೆ 245 ಎಂದು ಬರೆದಿದೆ. ಹಾಗಾದರೆ ಡೀಸೆಲ್ ಗಾಡಿ ಎರಡು ಪಟ್ಟು ಭಾರ ಎಳೆಯುತ್ತದೆಯೇ?

ಉತ್ತರ: ಇಲ್ಲ. ಟಾರ್ಕ್ ಅಂದರೆ ತಿರುಚುವ ಬಲ. ಅದನ್ನು ಗೇರ್ ಎಷ್ಟು ಬೇಕಾದರೂ ಹಿಗ್ಗಿಸಬಲ್ಲದು. ಏರಿನಲ್ಲಿ ಗಾಡಿ ಯಾವ ವೇಗ ಹಿಡಿದುಕೊಂಡು ಹೋಗುತ್ತದೆ ಎಂಬುದನ್ನು ತೀರ್ಮಾನಿಸುವುದು ಶಕ್ತಿ, ಅಂದರೆ ಟಾರ್ಕನ್ನು ಎಂಜಿನ್ ಸುತ್ತುವ ವೇಗದಿಂದ ಗುಣಿಸಿದಾಗ ಬರುವ ಕಿಲೋವ್ಯಾಟ್.

ನೀವು ಕೊಟ್ಟ ಅಂಕಿಗಳು ಟೊಯೊಟಾ ಹೈಲಕ್ಸಿನವು. ಅದರ 2.8 ಲೀಟರ್ ಡೀಸೆಲ್ 150 ಕಿಲೋವ್ಯಾಟ್ ಕೊಡುತ್ತದೆ. 500 ನ್ಯೂಟನ್ ಮೀಟರ್ ಟಾರ್ಕ್ 1,600ರಿಂದ 2,800 ಆರ್‌ಪಿಎಂವರೆಗೂ (ಆರ್‌ಪಿಎಂ ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ) ಸಿಗುತ್ತದೆ. 2.7 ಲೀಟರ್ ಪೆಟ್ರೋಲ್ 5,200 ಆರ್‌ಪಿಎಂನಲ್ಲಿ 122 ಕಿಲೋವ್ಯಾಟ್ ಕೊಡುತ್ತದೆ. 245 ಸಿಗುವುದು 4,000ದಲ್ಲಿ. ಟಾರ್ಕ್ ದುಪ್ಪಟ್ಟಿಗೂ ಹೆಚ್ಚು, ಶಕ್ತಿ ಕಾಲು ಪಾಲಿಗಿಂತ ಕೊಂಚ ಕಡಿಮೆಯಷ್ಟೇ ಹೆಚ್ಚು.

ಈಗ ಇದನ್ನು ಏರಿಗೆ ಹಚ್ಚಿ ನೋಡೋಣ. ಲೋಡಾದ ಗಾಡಿ 2,500 ಕಿಲೋ, ಪೆಟ್ಟಿಗೆಯಂಥ ಟ್ರೇಲರ್ 2,500 ಕಿಲೋ, ಒಟ್ಟು 5,000. ರಸ್ತೆ ಪ್ರತಿ 100 ಮೀಟರಿಗೆ 6 ಮೀಟರ್ ಏರುತ್ತದೆ. ವೇಗ ಗಂಟೆಗೆ 80 ಕಿಮೀ. ಇಷ್ಟು ಭಾರವನ್ನು ಮೇಲೆತ್ತುವುದಕ್ಕೇ 65 ಕಿಲೋವ್ಯಾಟ್ ಬೇಕು. ಟೈರುಗಳ ಉರುಳಾಟಕ್ಕೆ 11, ಗಾಳಿಯನ್ನು ಸೀಳಲು ಸುಮಾರು 26. ಗೇರ್‌ಬಾಕ್ಸ್ ಮತ್ತು ಆಕ್ಸಲ್‌ನಲ್ಲಿ ಸೋರಿಹೋಗುವುದನ್ನೂ ಸೇರಿಸಿದರೆ ಎಂಜಿನ್ನಿನಿಂದ ಸುಮಾರು 118 ಕಿಲೋವ್ಯಾಟ್ ಬರಬೇಕು.

ಡೀಸೆಲ್ ಎಂಜಿನ್ ಇದನ್ನು 2,250 ಆರ್‌ಪಿಎಂನಲ್ಲಿ ಕೊಟ್ಟುಬಿಡುತ್ತದೆ, ಇನ್ನೂ 30 ಕಿಲೋವ್ಯಾಟ್ ಕೈಯಲ್ಲಿ ಇಟ್ಟುಕೊಂಡು. ಪೆಟ್ರೋಲ್ ಎಂಜಿನ್ನೂ ಕೊಡುತ್ತದೆ, ಆದರೆ 5,000 ಆರ್‌ಪಿಎಂ ದಾಟಿದ ಮೇಲೆ, ತನ್ನಲ್ಲಿರುವುದನ್ನೆಲ್ಲ ಸುರಿದು. ಎದುರುಗಾಳಿ ಬೀಸಿದರೂ, ಮುಂದಿನ ಲಾರಿಯ ಹಿಂದೆ ಒಮ್ಮೆ ವೇಗ ತಗ್ಗಿದರೂ ಅದು ಮತ್ತೆ 80 ಮುಟ್ಟುವುದಿಲ್ಲ. ಎರಡೂ ಗಾಡಿ ಏರು ಹತ್ತುತ್ತವೆ. ಒಂದು ಮಾತಾಡಿಕೊಂಡು ಹತ್ತುತ್ತದೆ, ಇನ್ನೊಂದು ಏದುಸಿರು ಬಿಡುತ್ತ ಹತ್ತುತ್ತದೆ. ವರ್ಷಕ್ಕೆ ನಾಲ್ಕು ಸಲ ಏದುಸಿರು ಬಿಟ್ಟರೆ ಎಂಜಿನ್ನಿಗೆ ಏನೂ ಆಗದು. 5,000 ಆರ್‌ಪಿಎಂಗೆ ಹೆದರಿ ಮೇಲಿನ ಗೇರಿನಲ್ಲಿ ಒದ್ದಾಡಿಸುವುದೇ ಹೆಚ್ಚು ಕೆಟ್ಟದ್ದು. ದಿನಾ ಹೀಗೇ ಹತ್ತಬೇಕಾದರೆ ಡೀಸೆಲ್ ತೆಗೆದುಕೊಳ್ಳಿ.

ದೊಡ್ಡ ಗಾಡಿಗಳಲ್ಲೂ ಇದೇ ಕಥೆ. 2020ರ ಫೋರ್ಡ್ ಸೂಪರ್ ಡ್ಯೂಟಿಯ 6.7 ಲೀಟರ್ ಡೀಸೆಲ್‌ಗೆ 475 ಎಚ್‌ಪಿ, 1,424 ನ್ಯೂಟನ್ ಮೀಟರ್. ಅದೇ ಗಾಡಿಯ 7.3 ಲೀಟರ್ ಪೆಟ್ರೋಲ್‌ಗೆ 430 ಎಚ್‌ಪಿ, 644 ನ್ಯೂಟನ್ ಮೀಟರ್. ಟಾರ್ಕಿನ ಅಂತರ ನೋಡಿ ಬೆರಗಾಗುವ ಮೊದಲು ಎಚ್‌ಪಿ ಅಂತರ ಹತ್ತರಲ್ಲೊಂದು ಮಾತ್ರ ಎಂಬುದನ್ನು ಗಮನಿಸಿ.

ಪ್ರಶ್ನೆ: ತಪ್ಪಲಿನಲ್ಲಿ ಚೆನ್ನಾಗಿ ಎಳೆಯುವ ನನ್ನ ಪೆಟ್ರೋಲ್ ಪಿಕಪ್ ಬೆಟ್ಟದ ಮೇಲಕ್ಕೆ ಹೋದಂತೆ ಸೊರಗುತ್ತದೆ. ಟ್ಯೂನಿಂಗ್ ಮಾಡಿಸಬೇಕೇ?

ಉತ್ತರ: ಟರ್ಬೊ ಇಲ್ಲದ ಎಂಜಿನ್ ಆದರೆ ದೋಷ ಗಾಡಿಯದಲ್ಲ, ಗಾಳಿಯದು. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಪ್ರತಿ 1,000 ಮೀಟರ್ ಎತ್ತರಕ್ಕೆ ಸುಮಾರು ಹತ್ತರಲ್ಲೊಂದು ಪಾಲು ಶಕ್ತಿ ಇಳಿಯುತ್ತದೆ. ಹಿಂದಿನ ಉತ್ತರದ 122 ಕಿಲೋವ್ಯಾಟ್ 1,500 ಮೀಟರ್ ಎತ್ತರದಲ್ಲಿ 104ರ ಆಸುಪಾಸಿಗೆ ಬರುತ್ತದೆ, ಅದೇ ಏರಿನಲ್ಲಿ ವೇಗ 70–75ಕ್ಕೆ ಇಳಿಯುತ್ತದೆ. ಟ್ಯೂನಿಂಗ್ ಇದನ್ನು ಸರಿಪಡಿಸದು. ಟರ್ಬೊ ಇರುವ ಎಂಜಿನ್ ಪೆಟ್ರೋಲ್ ಆಗಲಿ ಡೀಸೆಲ್ ಆಗಲಿ, ತೆಳು ಗಾಳಿಯನ್ನು ಒತ್ತಿ ತುಂಬಿಕೊಳ್ಳುವುದರಿಂದ ಈ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ.

ಇಲ್ಲೊಂದು ಮಾತು ಸೇರಿಸಬೇಕು. ‘ಡೀಸೆಲ್ಲಿಗೆ ಎಳೆತ ಜಾಸ್ತಿ’ ಎಂದು ನಾವು ಹೇಳುವುದರಲ್ಲಿ ದೊಡ್ಡ ಪಾಲು ಟರ್ಬೊಗೆ ಸಲ್ಲಬೇಕಾದದ್ದು. ಫೋರ್ಡ್ ಎಫ್-150ರ 3.5 ಲೀಟರ್ ಟರ್ಬೊ ಪೆಟ್ರೋಲ್ 3,100 ಆರ್‌ಪಿಎಂನಲ್ಲಿ 678 ನ್ಯೂಟನ್ ಮೀಟರ್ ಕೊಡುತ್ತದೆ. ಆದರೆ ಬೆಲೆ ತೆರುವುದು ಇಂಧನದಲ್ಲಿ. ಭಾರ ಹೆಚ್ಚಿದಾಗ ಹೊಗೆಯ ಶಾಖದಿಂದ ಟರ್ಬೊ ಮತ್ತು ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಡದಿರಲೆಂದು ಪೆಟ್ರೋಲ್ ಎಂಜಿನ್ ಬೇಕಾದದ್ದಕ್ಕಿಂತ ಹೆಚ್ಚು ಪೆಟ್ರೋಲ್ ಸಿಂಪಡಿಸಿ ತಂಪು ಮಾಡಿಕೊಳ್ಳುತ್ತದೆ. ಖಾಲಿ ಇದ್ದಾಗ ಒಳ್ಳೆಯ ಮೈಲೇಜ್ ಕೊಟ್ಟ ಗಾಡಿ ಟ್ರೇಲರ್ ಕಟ್ಟಿದ ಕೂಡಲೇ ಟ್ಯಾಂಕ್ ಬರಿದು ಮಾಡುವುದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ಡೀಸೆಲ್ ಗಾಡಿಗೆ ಹೆಚ್ಚು ಕೊಟ್ಟ ಹಣ ಮೈಲೇಜಿನಲ್ಲಿ ಎಷ್ಟು ವರ್ಷಕ್ಕೆ ವಾಪಸ್ ಬರುತ್ತದೆ?

ಉತ್ತರ: ಹಣದಲ್ಲಿ ಹೇಳಿದರೆ ಬೆಲೆ ಬದಲಾದ ದಿನ ಉತ್ತರವೂ ಬದಲಾಗುತ್ತದೆ. ಆದ್ದರಿಂದ ಎಲ್ಲವನ್ನೂ ಪೆಟ್ರೋಲ್ ಲೀಟರಿನಲ್ಲಿ ಅಳೆಯಿರಿ. ಎರಡು ಗಾಡಿಗಳ ಬೆಲೆಯ ವ್ಯತ್ಯಾಸವನ್ನು ಒಂದು ಲೀಟರ್ ಪೆಟ್ರೋಲಿನ ದರದಿಂದ ಭಾಗಿಸಿ. ಉದಾಹರಣೆಗೆ ಅದು 5,000 ಲೀಟರ್ ಬಂತೆನ್ನಿ.

ಮುಂದಿನದು ಮೈಲೇಜ್. ಕಂಪನಿ ಹೇಳಿದ್ದನ್ನು ಬಿಡಿ, ಟ್ಯಾಂಕ್ ತುಂಬಿಸಿ ಓಡಿಸಿ ಮತ್ತೆ ತುಂಬಿಸಿದಾಗ ಸಿಕ್ಕ ಅಂಕಿ ಹಿಡಿಯಿರಿ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳೋಣ: ಖಾಲಿ ಓಡಿದಾಗ ಪೆಟ್ರೋಲ್ ಗಾಡಿ ಲೀಟರಿಗೆ 8 ಕಿಮೀ, ಡೀಸೆಲ್ 10. ಟ್ರೇಲರ್ ಕಟ್ಟಿದಾಗ ಪೆಟ್ರೋಲ್ 4, ಡೀಸೆಲ್ 5.5. ಹಲವರು ಎಡವುವುದು ಇಲ್ಲೇ. ಖಾಲಿ ಇದ್ದಾಗ 2 ಕಿಮೀ ಲಾಭ, ಎಳೆಯುವಾಗ ಒಂದೂವರೆಯೇ, ಹಾಗಾಗಿ ಉಳಿತಾಯ ಕಡಿಮೆ ಎಂದುಕೊಳ್ಳುತ್ತಾರೆ. 100 ಕಿಲೋಮೀಟರಿಗೆ ಎಷ್ಟು ಲೀಟರ್ ಸುಟ್ಟಿತು ಎಂದು ನೋಡಿ. ಖಾಲಿ ಓಟದಲ್ಲಿ 12.5 ಹೋಗಿ 10 ಆಯಿತು, ಉಳಿದದ್ದು ಎರಡೂವರೆ ಲೀಟರ್. ಎಳೆಯುವಾಗ 25 ಹೋಗಿ 18.2 ಆಯಿತು, ಉಳಿದದ್ದು 6.8 ಲೀಟರ್. ಡೀಸೆಲ್ಲಿನ ಉಳಿತಾಯ ಇರುವುದು ದುಡಿತದಲ್ಲಿ.

ವರ್ಷಕ್ಕೆ 15,000 ಕಿಮೀ ಖಾಲಿ, 5,000 ಕಿಮೀ ಟ್ರೇಲರ್ ಜೊತೆ ಓಡಿಸುವವರಿಗೆ 375 ಮತ್ತು 341, ಒಟ್ಟು 716 ಲೀಟರ್ ಉಳಿಯುತ್ತದೆ. ಡೀಸೆಲ್ಲಿನ ದುಬಾರಿ ಸರ್ವಿಸ್, ಹೆಚ್ಚು ಆಯಿಲ್, ಫ್ಯೂಯಲ್ ಫಿಲ್ಟರ್, ಹೊಗೆ ಶುದ್ಧಮಾಡಲು ಬೇರೆ ಟ್ಯಾಂಕಿಗೆ ಹಾಕುವ ಆಡ್‌ಬ್ಲೂ ದ್ರವ ಇವಕ್ಕೆಲ್ಲ 150 ಲೀಟರ್ ಕಳೆಯೋಣ. ಉಳಿದದ್ದು 566. ಹೂಡಿದ 5,000 ಲೀಟರ್ ಕೈಸೇರಲು ಸುಮಾರು 9 ವರ್ಷ. 10,000 ಖಾಲಿ, 15,000 ಟ್ರೇಲರ್ ಜೊತೆ ಓಡಿಸುವವರಿಗೆ ಸರ್ವಿಸಿಗೆಂದು 200 ಲೀಟರ್ ಕಳೆದರೂ ಐದು ವರ್ಷದೊಳಗೆ ತೀರಿಹೋಗುತ್ತದೆ.

ಇಷ್ಟೂ ಲೆಕ್ಕ ಎರಡು ಇಂಧನಗಳಿಗೂ ಒಂದೇ ದರ ಇದ್ದಾಗಿನದು. ಡೀಸೆಲ್ ದರ ಶೇ. 15 ಹೆಚ್ಚಿದ್ದರೆ ಮೊದಲನೆಯವರ ಉಳಿತಾಯ ವರ್ಷಕ್ಕೆ 205 ಲೀಟರಿಗೆ ಕುಸಿಯುತ್ತದೆ, ಹೂಡಿದ್ದು ಬರಲು 24 ವರ್ಷ ಬೇಕು. ಅಷ್ಟರಲ್ಲಿ ಗಾಡಿಯ ಆಯುಷ್ಯವೇ ಮುಗಿದಿರುತ್ತದೆ. ಅಂಥವರು ಪೆಟ್ರೋಲ್ ತೆಗೆದುಕೊಂಡು ನಿಶ್ಚಿಂತೆಯಿಂದಿರಲಿ. ಹಳೆಯ ಗಾಡಿ ಮಾರುವಾಗ ಡೀಸೆಲ್ಲಿಗೆ ಹೆಚ್ಚು ಬೆಲೆ ಸಿಗುವ ಕಡೆ ಆ ಹೆಚ್ಚುವರಿಯನ್ನು ಮೊದಲಿನ 5,000ದಿಂದ ಕಳೆದುಕೊಳ್ಳಿ.

ಪ್ರಶ್ನೆ: ಡೀಸೆಲ್ ಯಾಕೆ ಕಡಿಮೆ ಕುಡಿಯುತ್ತದೆ?

ಉತ್ತರ: ಮೂರು ಕಾರಣ. ಒಂದು ಲೀಟರ್ ಡೀಸೆಲ್ ಪೆಟ್ರೋಲಿಗಿಂತ ತೂಕದ್ದು, ಅದರಲ್ಲಿ ಅಡಗಿದ ಶಕ್ತಿಯೂ ಹತ್ತರಲ್ಲೊಂದು ಪಾಲಿನಷ್ಟು ಹೆಚ್ಚು. ಗಾಳಿಯನ್ನು ಅದು 15ರಿಂದ 18 ಪಟ್ಟು ಒತ್ತುತ್ತದೆ, ಪೆಟ್ರೋಲ್ ಎಂಜಿನ್ ಸಾಮಾನ್ಯವಾಗಿ 9ರಿಂದ 12 ಪಟ್ಟು. ಹೆಚ್ಚು ಒತ್ತಿದಷ್ಟೂ ಶಾಖದಿಂದ ಹೆಚ್ಚು ಕೆಲಸ ಹಿಂಡಬಹುದು. ಮೂರನೆಯದಾಗಿ, ಪೆಟ್ರೋಲ್ ಎಂಜಿನ್ ಥ್ರಾಟಲ್ ಬಾಗಿಲು ಅರ್ಧ ಮುಚ್ಚಿಕೊಂಡು ಗಾಳಿ ಹೀರಲು ತಿಣುಕುತ್ತದೆ. ಡೀಸೆಲ್ಲಿಗೆ ಆ ತಿಣುಕಾಟ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ಪ್ರಶ್ನೆ: ಹಾಗಾದರೆ ಇಳಿಜಾರಿನಲ್ಲಿ ಡೀಸೆಲ್ ಗಾಡಿ ಯಾಕೆ ನೂಕಿಕೊಂಡು ಹೋಗುತ್ತದೆ? ಎಕ್ಸಲರೇಟರ್ ಬಿಟ್ಟರೂ ನಿಧಾನವಾಗುವುದಿಲ್ಲ.

ಉತ್ತರ: ಅದೇ ಥ್ರಾಟಲ್ ಬಾಗಿಲಿನ ಇನ್ನೊಂದು ಮುಖ. ಪೆಟ್ರೋಲ್ ಎಂಜಿನ್ನಿನಲ್ಲಿ ಕಾಲು ತೆಗೆದರೆ ಬಾಗಿಲು ಮುಚ್ಚಿ, ಪಿಸ್ಟನ್‌ಗಳು ನಿರ್ವಾತದ ವಿರುದ್ಧ ಎಳೆಯಬೇಕಾಗಿ ಗಾಡಿ ತಡೆಯುತ್ತದೆ. ಡೀಸೆಲ್ ತನ್ನಷ್ಟಕ್ಕೆ ಗಾಳಿ ನುಂಗಿ ಉಗುಳುತ್ತಿರುತ್ತದೆ, ತಡೆ ಕಡಿಮೆ. ಅದಕ್ಕೇ ದೊಡ್ಡ ಡೀಸೆಲ್ ಪಿಕಪ್‌ಗಳಲ್ಲಿ ಎಕ್ಸಾಸ್ಟ್ ಬ್ರೇಕ್ ಕೊಡುತ್ತಾರೆ: ಟರ್ಬೊದ ರೆಕ್ಕೆಗಳು ಮುಚ್ಚಿಕೊಂಡು ಹೊಗೆಯನ್ನು ಕಟ್ಟಿಹಾಕುತ್ತವೆ, ಎಂಜಿನ್ನೇ ಬ್ರೇಕ್ ಆಗುತ್ತದೆ. ಈ ಬಟನ್ ಇದ್ದರೆ ಇಳಿಜಾರು ಶುರುವಾಗುವ ಮೊದಲೇ ಒತ್ತಿ. ಭಾರ ಎಳೆಯುವವರಿಗೆ ಇದು ಟಾರ್ಕಿಗಿಂತ ದೊಡ್ಡ ವರ.

ಬಟನ್ ಇಲ್ಲದಿದ್ದರೆ ಏರು ಹತ್ತಲು ಹಾಕಿದ ಗೇರಿನಲ್ಲೇ ಇಳಿಯಿರಿ, ಬೇಕಾದರೆ ಇನ್ನೊಂದು ಗೇರ್ ಕೆಳಗೆ. ಆರ್‌ಪಿಎಂ ಕೆಂಪು ಗೆರೆಯ ಕೆಳಗಿರಲಿ. ಬ್ರೇಕನ್ನು ಸವರುತ್ತ ಇಡೀ ಇಳಿಜಾರು ಇಳಿಯಬೇಡಿ. ಗಟ್ಟಿಯಾಗಿ ಒತ್ತಿ ಹತ್ತು ಕಿಲೋಮೀಟರ್ ವೇಗ ತಗ್ಗಿಸಿ, ಪೂರ್ತಿ ಬಿಟ್ಟು ಡಿಸ್ಕ್ ಆರಲು ಬಿಡಿ. ಸುಟ್ಟ ವಾಸನೆ ಬಂದು ಪೆಡಲ್ ಗಟ್ಟಿಯಿದ್ದೂ ಗಾಡಿ ನಿಲ್ಲದಿದ್ದರೆ ಪ್ಯಾಡ್ ಕಾದಿದೆ ಎಂದರ್ಥ. ಪೆಡಲ್ ಮೆತ್ತಗಾಗಿ ಒಳಗೆ ಹೋದರೆ ಬ್ರೇಕ್ ಆಯಿಲ್ಲೇ ಕುದಿದಿದೆ. ಎರಡರಲ್ಲಿ ಯಾವುದಾದರೂ ಕೆಳಗಿನ ಗೇರಿಗೆ ಇಳಿಸಿ, ಮೊದಲು ಸಿಕ್ಕ ಸಮ ಜಾಗದಲ್ಲಿ ನಿಲ್ಲಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಂಡಂತೆ ಬೇಗ ಕುದಿಯುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸುವುದು ಇದಕ್ಕೇ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಸುವವರಿದ್ದಾರೆ. ಉಳಿಯುವುದು ಏನೂ ಇಲ್ಲ, ಗೇರಿನಲ್ಲಿ ಕಾಲು ತೆಗೆದಾಗ ಇಂಜೆಕ್ಟರ್‌ಗಳು ಸಿಂಪಡಿಸುವುದನ್ನೇ ನಿಲ್ಲಿಸುತ್ತವೆ.

ಪ್ರಶ್ನೆ: ಡೀಸೆಲ್ ಪಿಕಪ್‌ಗೆ 3,500 ಕಿಲೋ ಎಳೆಯುವ ಅನುಮತಿ ಇದೆ. ಮನೆಮಂದಿ, ಸಾಮಾನು ಎಲ್ಲ ತುಂಬಿಕೊಂಡು 3,000 ಕಿಲೋ ಟ್ರೇಲರ್ ಎಳೆಯಬಹುದಲ್ಲವೇ?

ಉತ್ತರ: ಎಳೆಯುವ ಅನುಮತಿಗಿಂತ ಮೊದಲು ಮುಗಿಯುವುದು ಹೊರುವ ಅನುಮತಿ. ಟ್ರೇಲರಿನ ಮೂತಿ ಗಾಡಿಯ ಕೊಂಡಿಯ ಮೇಲೆ ತನ್ನ ತೂಕದ ಸುಮಾರು ಹತ್ತನೇ ಒಂದು ಪಾಲು ಒತ್ತುತ್ತದೆ. 3,000 ಕಿಲೋಗೆ 300 ಕಿಲೋ. ಗಾಡಿ ಹೊರಬಹುದಾದ್ದು 1,000 ಕಿಲೋ ಎಂದಿಟ್ಟುಕೊಳ್ಳಿ. ಐದು ಜನಕ್ಕೆ 375, ಹಿಂದಿನ ತೊಟ್ಟಿಯ ಮುಚ್ಚಿಗೆ ಮತ್ತು ಮುಂದಿನ ಕಬ್ಬಿಣದ ಬಂಪರಿಗೆ 120 ಹೋದರೆ, ಸಾಮಾನಿಗೆ ಉಳಿದದ್ದು 205 ಕಿಲೋ ಮಾತ್ರ. ಡೀಸೆಲ್ ಎಂಜಿನ್ ತಾನೇ ಭಾರವಾದ್ದರಿಂದ, ಒಟ್ಟು ತೂಕದ ಮಿತಿ ಒಂದೇ ಇರುವ ಎರಡು ಗಾಡಿಗಳಲ್ಲಿ ಡೀಸೆಲ್ಲಿಗೇ ಹೊರುವ ಅವಕಾಶ ಕಡಿಮೆ.

ಇನ್ನೂ ಒಂದಿದೆ. ಕೊಂಡಿ ಹಿಂದಿನ ಆಕ್ಸಲ್‌ನಿಂದ ಹಿಂದಕ್ಕೆ ಚಾಚಿಕೊಂಡಿರುವುದರಿಂದ ಅದು ತಕ್ಕಡಿಯ ಕೋಲಿನಂತೆ ಕೆಲಸ ಮಾಡುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 3.1 ಮೀಟರ್, ಕೊಂಡಿ 1.2 ಮೀಟರ್ ಹಿಂದೆ ಇದ್ದರೆ 300 ಕಿಲೋ ಒತ್ತಡ ಹಿಂದಿನ ಆಕ್ಸಲ್‌ಗೆ 416 ಕಿಲೋ ಆಗುತ್ತದೆ, ಮುಂದಿನ ಚಕ್ರಗಳಿಂದ 116 ಕಿಲೋ ಎತ್ತಲ್ಪಡುತ್ತದೆ. ಸ್ಟೀರಿಂಗ್ ಹಗುರವಾಗಿ ತೇಲಿದಂತಾಗುವುದು ಇದಕ್ಕೆ. ಹಾಗೆಂದು ಭಾರವನ್ನು ಟ್ರೇಲರಿನ ಹಿಂಭಾಗಕ್ಕೆ ಸರಿಸಿ ಮೂತಿ ಹಗುರ ಮಾಡಬೇಡಿ. ಮೂತಿ ಹಗುರವಾದ ಟ್ರೇಲರ್ ವೇಗದಲ್ಲಿ ಬಾಲ ಅಲ್ಲಾಡಿಸಲು ಶುರುಮಾಡಿದರೆ ಗಾಡಿಯನ್ನೂ ಮಗುಚಿ ಹಾಕುತ್ತದೆ. ಲೋಡ್ ಮಾಡಿದ ಮೇಲೆ ತೂಕದ ಸೇತುವೆಯ (ವೇಬ್ರಿಡ್ಜ್) ಮೇಲೆ ಗಾಡಿಯ ಹಿಂದಿನ ಆಕ್ಸಲ್ ಒಂದನ್ನೇ ನಿಲ್ಲಿಸಿ ತೂಗಿ, ಬಾಗಿಲ ಕಂಬದ ಫಲಕದಲ್ಲಿರುವ ಮಿತಿಯ ಜೊತೆ ಹೋಲಿಸಿ.

ಪ್ರಶ್ನೆ: ಹೊಸ ಡೀಸೆಲ್ ಪಿಕಪ್. ಹೆಚ್ಚಾಗಿ ನಾಲ್ಕೈದು ಕಿಲೋಮೀಟರ್ ಓಡಾಟ. ಡಿಪಿಎಫ್ ದೀಪ ಪದೇ ಪದೇ ಬರುತ್ತಿದೆ, ಆಯಿಲ್ ಮಟ್ಟವೂ ಏರಿದೆ. ಏನಿದು?

ಉತ್ತರ: ಎರಡೂ ಒಂದೇ ಕಾಯಿಲೆ. ಡಿಪಿಎಫ್ ಎಂಬುದು ಸೈಲೆನ್ಸರ್ ಸಾಲಿನಲ್ಲಿ ಕೂತಿರುವ, ಹೊಗೆಯ ಮಸಿ ಹಿಡಿಯುವ ಜರಡಿ. ಮಸಿ ತುಂಬಿದಾಗ ಎಂಜಿನ್ ಹೆಚ್ಚುವರಿ ಡೀಸೆಲ್ ಸಿಂಪಡಿಸಿ ಜರಡಿಯನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಸುಡುತ್ತದೆ. ಇದಕ್ಕೆ ಬಿಸಿಯಾದ ಎಂಜಿನ್ನೂ ಹದಿನೈದಿಪ್ಪತ್ತು ನಿಮಿಷದ ಓಟವೂ ಬೇಕು. ನೀವು ಅಷ್ಟರಲ್ಲಿ ಆಫ್ ಮಾಡುತ್ತೀರಿ. ಮಸಿ ಹಾಗೇ ಉಳಿಯುತ್ತದೆ, ಸುಡದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಜಾರಿ ಎಂಜಿನ್ ತಳದ ಆಯಿಲ್ ತೊಟ್ಟಿಗೆ ಇಳಿದು ಆಯಿಲ್ ತೆಳುವಾಗುತ್ತದೆ. ಮಟ್ಟ ಏರಿದ್ದು ಹಾಗೆ. ಮೊದಲು ಆಯಿಲ್ ಬದಲಿಸಿ, ತೆಳು ಆಯಿಲ್ ಬೇರಿಂಗ್ ತಿನ್ನುತ್ತದೆ. ಹೊಸದಾಗಿ ಹಾಕುವುದು ಕೈಪಿಡಿಯಲ್ಲಿ ಹೇಳಿದ ಕಡಿಮೆ ಬೂದಿಯ ಆಯಿಲ್ ಆಗಿರಲಿ. ಮಸಿ ಸುಡಬಹುದು, ಆಯಿಲ್ಲಿನ ಬೂದಿ ಸುಡದು.

ಆಮೇಲೆ ಒಂದು ಗೇರ್ ಕೆಳಗಿಟ್ಟು, ಆರ್‌ಪಿಎಂ 2,000ದ ಮೇಲೆ ಇರುವಂತೆ 20 ನಿಮಿಷ ನಿಲ್ಲಿಸದೆ ಓಡಿಸಿ. ನಿಂತಾಗ ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ, ಐಡಲ್ ಕೊಂಚ ಏರಿದ್ದರೆ, ಬಿಸಿ ಲೋಹದ ವಾಸನೆ ಬಂದರೆ ಸುಡುವ ಕೆಲಸ ನಡೆದಿದೆ. ಆಫ್ ಮಾಡಬೇಡಿ, ಒಣಹುಲ್ಲಿನ ಮೇಲೆ ನಿಲ್ಲಿಸಲೂ ಬೇಡಿ. ದೀಪ ಮಿನುಗತೊಡಗಿ ಎಂಜಿನ್ ಸೊರಗಿದರೆ ಮಾತ್ರ ಓಡಿಸಿ ಸರಿಮಾಡುವ ಹಂತ ದಾಟಿತು. ಸ್ಕ್ಯಾನರ್ ಹಾಕಿ ಸುಡಿಸಬೇಕು. ಅದರ ಮೊದಲು ಜರಡಿಯ ಹಿಂದು ಮುಂದಿನ ಒತ್ತಡ ಅಳೆಯುವ ಸೆನ್ಸರಿನ ಸಣ್ಣ ರಬ್ಬರ್ ಪೈಪು ಬಿರಿದಿದೆಯೇ, ಇಂಜೆಕ್ಟರ್ ಸೋರುತ್ತಿದೆಯೇ, ಹೊಗೆಯ ಒಂದು ಪಾಲನ್ನು ಎಂಜಿನ್ನಿಗೇ ವಾಪಸ್ ಕಳಿಸುವ ಇಜಿಆರ್ ವಾಲ್ವ್ ಕಚ್ಚಿಕೊಂಡಿದೆಯೇ ನೋಡಿಸಿ. ಕಾರಣ ಬಿಟ್ಟು ಜರಡಿ ಬದಲಿಸಿದರೆ ಹೊಸದೂ ಕಟ್ಟಿಕೊಳ್ಳುತ್ತದೆ.

ಭಾರ ಎಳೆಯುವ ಡೀಸೆಲ್ಲಿನಲ್ಲಿ ಹೊಗೆ ತಾನಾಗಿಯೇ ಕಾದು ಮಸಿ ಉರಿದುಹೋಗುತ್ತದೆ, ಈ ಕಾಯಿಲೆ ಅಲ್ಲಿ ಅಪರೂಪ. ನಿಮ್ಮ ಓಡಾಟಕ್ಕೆ ಪೆಟ್ರೋಲ್ ಗಾಡಿಯೇ ಸರಿಯಾಗಿತ್ತು ಎಂದು ಹೇಳಬೇಕಾಗಿದೆ.

ಪ್ರಶ್ನೆ: ಡೀಸೆಲ್ ಟ್ಯಾಂಕಿಗೆ ಹತ್ತು ಲೀಟರ್ ಪೆಟ್ರೋಲ್ ಬಿತ್ತು. ಉಳಿದದ್ದು ಡೀಸೆಲ್ ತುಂಬಿಸಿ ಓಡಿಸಬಹುದೇ?

ಉತ್ತರ: ಬೇಡ. ಚಾವಿಯನ್ನೂ ತಿರುಗಿಸಬೇಡಿ, ಚಾವಿ ತಿರುಗಿದರೆ ಟ್ಯಾಂಕಿನೊಳಗಿನ ಪಂಪ್ ಅದನ್ನು ಮುಂದಕ್ಕೆ ತಳ್ಳುತ್ತದೆ. ಇಂಜೆಕ್ಷನ್ ಪಂಪಿಗೆ ಜಾರಿಕೆ ಕೊಡುವುದು ಡೀಸೆಲ್ಲೇ. ಪೆಟ್ರೋಲಿಗೆ ಆ ಜಿಡ್ಡಿಲ್ಲ. 2,000 ಬಾರ್ ಒತ್ತಡದಲ್ಲಿ ಲೋಹ ಲೋಹಕ್ಕೆ ಉಜ್ಜಿ, ಅದರ ಪುಡಿ ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಕೊಳವೆ, ಇಂಜೆಕ್ಟರ್ ಎಲ್ಲ ಕಡೆ ಹರಡುತ್ತದೆ. ನ್ಯೂಟ್ರಲ್ ಮಾಡಿ ತಳ್ಳಿ, ಟ್ಯಾಂಕ್ ಬರಿದು ಮಾಡಿಸಿ, ಫಿಲ್ಟರ್ ಬದಲಿಸಿ.

ಆಡ್‌ಬ್ಲೂ ವಿಷಯದಲ್ಲೂ ಇದೇ ಎಚ್ಚರ ಬೇಕು. ಅದು 32.5 ಶೇಕಡಾ ಯೂರಿಯಾ, ಉಳಿದದ್ದು ಶುದ್ಧ ನೀರು. ಡೀಸೆಲ್ ಟ್ಯಾಂಕಿಗೆ ಬಿದ್ದರೆ ಪೆಟ್ರೋಲಿಗಿಂತ ಕೆಟ್ಟದ್ದು.

ಪ್ರಶ್ನೆ: ಫಿಲ್ಟರಿನಲ್ಲಿ ನೀರಿದೆ ಎಂಬ ದೀಪ ಬಂತು. ಮನೆಯಲ್ಲೇ ತೆಗೆಯಬಹುದೇ?

ಉತ್ತರ: ತೆಗೆಯಬಹುದು. ಎಂಜಿನ್ ಆಫ್ ಮಾಡಿ ಕೊಂಚ ಹೊತ್ತು ಬಿಡಿ, ನೀರು ತಳಕ್ಕಿಳಿಯಲಿ. ಫಿಲ್ಟರ್ ಬುಡದ ತಿರುಪಿನ ಕೆಳಗೆ ಒಂದು ಪಾರದರ್ಶಕ ಬಾಟಲಿ ಹಿಡಿದು, ತಿರುಪನ್ನು ಎರಡು ಮೂರು ಸುತ್ತು ಸಡಿಲಿಸಿ. ಮೇಲಿನ ಕೈಪಂಪು ಇದ್ದರೆ ಒತ್ತಿ. ಬಾಟಲಿಯಲ್ಲಿ ನೀರು ಕೆಳಗೆ, ಡೀಸೆಲ್ ಮೇಲೆ ಬೇರೆಯಾಗಿ ನಿಲ್ಲುತ್ತದೆ. ಬರೀ ಡೀಸೆಲ್ ಬರತೊಡಗಿದಾಗ ತಿರುಪು ಬಿಗಿದು, ಕೈಪಂಪು ಗಟ್ಟಿಯಾಗುವವರೆಗೆ ಒತ್ತಿ ಗಾಳಿ ಹೊರಹಾಕಿ, ಆಮೇಲೆ ಸ್ಟಾರ್ಟ್ ಮಾಡಿ. ತಿರುಪು ಪ್ಲಾಸ್ಟಿಕ್‌ನದಾದರೆ ಸ್ಪ್ಯಾನರ್ ಬೇಡ, ಬೆರಳ ಬಿಗಿ ಸಾಕು. ವಾರದೊಳಗೆ ದೀಪ ಮತ್ತೆ ಬಂದರೆ ನೀರು ಟ್ಯಾಂಕಿನಲ್ಲೇ ಇದೆ, ಟ್ಯಾಂಕ್ ಇಳಿಸಿ ತೊಳೆಸಬೇಕು.

ಪ್ರಶ್ನೆ: ಟ್ರೇಲರ್ ಎಳೆದ ಹಳೆಯ ಪಿಕಪ್ ಕೊಳ್ಳುವಾಗ ಏನು ನೋಡಬೇಕು?

ಉತ್ತರ: ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್ನನ್ನು ನಿಮ್ಮೆದುರೇ ಸ್ಟಾರ್ಟ್ ಮಾಡಿಸಿ. ನೀವು ಹೋಗುವ ಹೊತ್ತಿಗೆ ಬಾನೆಟ್ ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಡೀಸೆಲ್ ಬಹಳ ಹೊತ್ತು ತಿರುಗಿ ಸ್ಟಾರ್ಟ್ ಆಗಿ ಬಿಳಿ ಹೊಗೆ ಬಿಟ್ಟರೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗಲು ಒಳಗೆ ಕಾಯಿಸುವ ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ಸೋತಿರಬಹುದು. ಬಿಸಿಯಾದ ಮೇಲೆ ಆಯಿಲ್ ಮುಚ್ಚಳ ಸಡಿಲಿಸಿ ಹಾಗೇ ಮೇಲಿಡಿ. ಮುಚ್ಚಳ ಕುಣಿದು ಹಾರಿ ಹೊಗೆ ಉಬ್ಬಿಬಂದರೆ ಪಿಸ್ಟನ್ ರಿಂಗುಗಳು ಸವೆದಿವೆ. ಆಟೊ ಗೇರ್ ಆದರೆ ಅದರ ಆಯಿಲ್ ಒಂದು ಹನಿ ಬಿಳಿ ಬಟ್ಟೆಗೆ ಒರೆಸಿ ಮೂಸಿ ನೋಡಿ, ಕಪ್ಪಾಗಿ ಸುಟ್ಟ ವಾಸನೆ ಇದ್ದರೆ ಭಾರ ಎಳೆದು ಕಾದಿದೆ. ಕೊನೆಗೆ ಗಾಡಿಯ ಕೆಳಗೆ ಮಲಗಿ ಕೊಂಡಿಯ ಚೌಕಟ್ಟು ಚಾಸಿಗೆ ಸೇರುವ ಬೋಲ್ಟ್‌ಗಳ ಸುತ್ತ ಟಾರ್ಚ್ ಬಿಡಿ. ಬಣ್ಣ ಬಿರಿದು ಕೂದಲೆಳೆಯಷ್ಟು ತುಕ್ಕಿನ ಗೆರೆ ಕಂಡರೆ ಅಲ್ಲಿ ಲೋಹ ಸೀಳಿದೆ. ಅಂಥ ಗಾಡಿ ಎಷ್ಟು ಅಗ್ಗಕ್ಕೆ ಸಿಕ್ಕರೂ ಅದಕ್ಕೆ ಮತ್ತೆ ಟ್ರೇಲರ್ ಕಟ್ಟಬೇಡಿ.